ನಮ್ ಪೋರ್ಟ್ ಮೇನ್‌ಲೈನ್‌ಗೆ ಸೇರ್ತು, ಎಲ್ರಿಗೂ ಥ್ಯಾಂಕ್ಸ್

ನಿನ್ನೆ ರಾತ್ರಿ ನಮ್ ಹೊಸ ಪ್ರೊಸೆಸರ್ ಮೇಲೆ ಲಿನಕ್ಸ್ ಓಡೋ ಹಾಗೆ ಮಾಡೋ ಪ್ಯಾಚ್‌ಗಳು (ಅದೇ ಪೋರ್ಟ್) ಲಿನಕ್ಸ್ ಕರ್ನಲ್‌ನ, ಅಂದ್ರೆ ಆಪರೇಟಿಂಗ್ ಸಿಸ್ಟಂನ ತಿರುಳಿನ, ಮೇನ್‌ಲೈನ್‌ಗೆ (ಅಧಿಕೃತ ಮೂಲ ಕೋಡ್‌ಗೆ) ಮರ್ಜ್ ಆದ್ವು. ಹನ್ನೊಂದು ಸಲ ತಿದ್ದಿ ತಿದ್ದಿ ಕಳ್ಸಿದ್ದು, ಪ್ರತಿ ಪ್ರೊಸೆಸರ್ ಜಾತಿಯ ಕೋಡ್ ಇಡೋ ಆರ್ಚ್ ಫೋಲ್ಡರ್ ಒಳಗೆ ನಮ್ದೂ ಒಂದು ಹೆಸ್ರು ನೋಡಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಮೊದಲ್ನೇ ಥ್ಯಾಂಕ್ಸ್ ಬೋರ್ಡ್ ಮೇಲೆ ಟೆಸ್ಟ್ ಮಾಡಿಕೊಟ್ಟವರಿಗೆ. ಎಮ್ಯುಲೇಟರ್‌ನಲ್ಲಿ (ಚಿಪ್‌ನ ನಕಲು ಮಾಡೋ ಸಾಫ್ಟ್‌ವೇರ್) ಶೆಲ್, ಅಂದ್ರೆ ಕಮಾಂಡ್ ಟೈಪ್ ಮಾಡೋ ಹಂತದ ತನಕ ಆರಾಮಾಗಿ ಬರ್ತಿತ್ತು, ನಿಜವಾದ ಬೋರ್ಡಲ್ಲಿ ಇನಿಟ್ (ಕರ್ನಲ್ ಶುರು ಮಾಡೋ ಮೊದಲ ಪ್ರೋಗ್ರಾಂ) ಶುರು ಆದ್ಮೇಲೆ ಯಾವಾಗ್ಲೋ ಒಮ್ಮೆ ನಿಂತೇ ಹೋಗೋದು, ಅದೇ ಅಡ್ರೆಸ್‌ಗೆ ಮತ್ತೆ ಮತ್ತೆ ಪೇಜ್ ಫಾಲ್ಟ್ (ಆ ಮೆಮೊರಿ ಪೇಜ್ ಸಿಗ್ತಿಲ್ಲ ಅನ್ನೋ ಚಿಪ್‌ನ ದೂರು), ಯಾವ ಅಡ್ರೆಸ್ ಮೆಮೊರಿಯಲ್ಲಿ ಎಲ್ಲಿದೆ ಅಂತ ಬರೆದಿಡೋ ಪೇಜ್ ಟೇಬಲ್ ತೆಗೆದು ನೋಡಿದ್ರೆ ಎಂಟ್ರಿ ಸರಿಯಾಗೇ ಇದೆ! ವಾರಗಟ್ಟಲೆ ತಲೆ ಕೆಟ್ಟೋಯ್ತು. ನೀವು ರಾತ್ರಿಯೆಲ್ಲ ಕೂತು ಬೋರ್ಡ್ ಆಫ್ ಮಾಡಿ ಆನ್ ಮಾಡಿ ಲಾಗ್ ಮೇಲೆ ಲಾಗ್ ಕಳ್ಸಿ, ಕೊನೆಗೆ "ಟಿಎಲ್‌ಬಿ ಫ್ಲಶ್ ಮಾಡಿದ್ರೆ ಮುಂದೆ ಹೋಗ್ತಿದೆ" ಅಂದ್ರಿ ನೋಡಿ, ಆಗ ಗೊತ್ತಾಯ್ತು. ಟಿಎಲ್‌ಬಿ ಅಂದ್ರೆ ಪೇಜ್ ಟೇಬಲ್‌ನಲ್ಲಿ ಹುಡುಕಿದ್ದನ್ನ ಚಿಪ್ ನೆನಪಿಟ್ಕೊಳ್ಳೋ ಜಾಗ, ಫ್ಲಶ್ ಅಂದ್ರೆ ಆ ನೆನಪು ಅಳಿಸೋದು. ನಮ್ ಚಿಪ್ "ಈ ಪೇಜ್ ಇಲ್ಲ" ಅನ್ನೋದನ್ನೂ ಟಿಎಲ್‌ಬಿಯಲ್ಲಿ ನೆನಪಿಟ್ಕೊಳ್ಳುತ್ತೆ, ಹಾಗಾಗಿ ಹೊಸ ಎಂಟ್ರಿ ಹಾಕಿದಾಗ್ಲೂ ಫ್ಲಶ್ ಬೇಕು (ರಿಸ್ಕ್-ವಿ ಅನ್ನೋ ಪ್ರೊಸೆಸರ್ ವಿನ್ಯಾಸದ ಸ್ಪೆಕ್ ಕೂಡ ಚಿಪ್ ಹೀಗೆ ಮಾಡೋಕೆ ಬಿಡುತ್ತೆ). ಆ ಫ್ಲಶ್ ಇರ್ಬೇಕಿದ್ದ ಜಾಗ, ಅಂದ್ರೆ ಎಂಎಂಯು (ಚಿಪ್‌ನಲ್ಲಿ ಮೆಮೊರಿ ಅಡ್ರೆಸ್ ಅನುವಾದಿಸೋ ಭಾಗ) ಕ್ಯಾಶ್ ಅಪ್‌ಡೇಟ್ ಮಾಡೋ ಫಂಕ್ಷನ್, ನಾನು ಖಾಲಿ ಬಿಟ್ಟಿದ್ದೆ. ಫಿಕ್ಸ್ ಒಂದೇ ಸಾಲು, ಆದ್ರೆ ಆ ಸಾಲು ನಿಮ್ದು.

ಇನ್ನು ರಿವ್ಯೂ ಮಾಡಿದವರು. ನಾನು ಕಷ್ಟಪಟ್ಟು ಬರೆದಿದ್ದ ಹೆಡರ್‌ಗಳಲ್ಲಿ ಅರ್ಧದಷ್ಟಕ್ಕೆ "ಇದು ಜೆನೆರಿಕ್‌ನಲ್ಲೇ ಇದೆ, ತೆಗೀರಿ" ಅಂತ (ಎಲ್ಲಾ ಪ್ರೊಸೆಸರ್‌ಗೂ ಸೇರಿ ಬರೆದಿರೋ ಕೋಡೇ ಸಾಕು ಅಂತ) ಬಂದಾಗ ನಿಜವಾಗ್ಲೂ ಬೇಜಾರಾಗಿತ್ತು, ಆಮೇಲೆ ಅರ್ಥ ಆಯ್ತು. ಕರ್ನಲ್‌ನಲ್ಲಿ ಎಲ್ಲೋ ಒಂದು ಇಂಟರ್‌ಫೇಸ್ ಬದಲಾದ್ರೆ ಪ್ರತಿ ಆರ್ಕಿಟೆಕ್ಚರ್ (ಪ್ರೊಸೆಸರ್ ಜಾತಿ) ಕೋಡ್‌ನಲ್ಲೂ ಯಾರೋ ಒಬ್ರು ಕೈ ಹಾಕ್ಬೇಕು, ನಾನು ಎಷ್ಟು ಸ್ವಂತದ್ದು ಬರೀತೀನೋ ಅಷ್ಟು ಹೊರೆ ಅವ್ರ ತಲೆ ಮೇಲೆ. 2018ರಲ್ಲಿ ಕರ್ನಲ್‌ನ 4.17 ಆವೃತ್ತಿಯಿಂದ ಎಂಟು ಆರ್ಕಿಟೆಕ್ಚರ್‌ಗಳನ್ನ ಒಟ್ಟಿಗೇ ತೆಗೆದುಹಾಕಿದ್ರು, 2024ರ ಶುರುವಲ್ಲಿ ಬಂದ 6.7ರಲ್ಲಿ ಇಂಟೆಲ್‌ನ ಇಟೇನಿಯಂ ಕೂಡ ಹೋಯ್ತು. "ಹತ್ತು ವರ್ಷ ಆದ್ಮೇಲೆ ಇದನ್ನ ಯಾರು ನೋಡ್ಕೋತಾರೆ" ಅಂತ ನೀವು ಕೇಳಿದ್ದು ಸರಿಯಾಗೇ ಇತ್ತು. ನಾನು ನೋಡ್ಕೋತೀನಿ ಅಂದಿದ್ದನ್ನ ನಂಬಿದ್ರಲ್ಲ, ಅದು ನಂಗೆ ದೊಡ್ಡದು.

ಜಿಸಿಸಿ (ಕಂಪೈಲರ್), ಬಿನ್‌ಯುಟಿಲ್ಸ್ (ಅಸೆಂಬ್ಲರ್, ಲಿಂಕರ್) ಕೆಲ್ಸ ಮಾಡಿದ ಗೆಳೆಯರಿಗೂ, ನೀವು ಮೊದ್ಲು ಮುಗಿಸದೇ ಇದ್ದಿದ್ರೆ ನಂಗೆ ಕಂಪೈಲ್ ಮಾಡೋಕೇ ಏನೂ ಇರ್ತಿರ್ಲಿಲ್ಲ.

ಮೊದಲ ದಿನಗಳು ಈಗ್ಲೂ ಕಣ್ಮುಂದೆ ಇವೆ. ಬೂಟ್ ಕೋಡ್‌ನ ಪ್ರತಿ ಹಂತಕ್ಕೂ ಸೀರಿಯಲ್ ಪೋರ್ಟ್‌ಗೆ ಒಂದೊಂದು ಅಕ್ಷರ ಬರೀತಿದ್ದೆ, ಎ ಬಂತು, ಬಿ ಬಂತು, ಎಂಎಂಯು ಆನ್ ಆದ್ಮೇಲೆ ಸಿ ಬರ್ಲೇ ಇಲ್ಲ. ಕರ್ನಲ್ ಸತ್ತೋಯ್ತು ಅಂತ ಮೂರು ದಿನ ಹುಡುಕಿದೆ, ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಸ್ಕ್ರೀನ್ ನೋಡಿ "ಯುಆರ್ಟ್ ಅಡ್ರೆಸ್‌ನ ಮ್ಯಾಪ್ ಮಾಡಿದೀಯಾ?" ಅಂದ್ಳು. ಯುಆರ್ಟ್ ಅಂದ್ರೆ ಆ ಸೀರಿಯಲ್ ಪೋರ್ಟ್ ನಡೆಸೋ ಹಾರ್ಡ್‌ವೇರ್, ಎಂಎಂಯು ಆನ್ ಆದ್ಮೇಲೆ ಮ್ಯಾಪ್ ಮಾಡದೇ ಅದು ಸಿಗಲ್ಲ. ನಾನು ಮಾಡಿರ್ಲಿಲ್ಲ. ಆಮೇಲೆ ಸಿ ಬಂದಾಗ ಇಬ್ರೂ ಕಿರುಚಿದ್ವಿ. ಥ್ಯಾಂಕ್ಸ್ ಕಣೇ.

ಆರ್ಮ್64, ರಿಸ್ಕ್-ವಿ, ಲೂಂಗ್‌ಆರ್ಚ್ ಪ್ರೊಸೆಸರ್‌ಗಳಿಗೆ ಪೋರ್ಟ್ ಮಾಡಿದವರಿಗೂ, ನಿಮ್ ಕೋಡ್ ಎದುರಿಗಿಟ್ಕೊಂಡೇ ಕಲ್ತಿದ್ದು.

ಮೊದಲ ಆರ್‌ಸಿ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ಬಂದ ತಕ್ಷಣ ನಿಮ್ ನಿಮ್ ಬೋರ್ಡ್ ಮೇಲೆ ಹಾಕಿ ನೋಡಿ ಪ್ಲೀಸ್, ಏನಾದ್ರೂ ಮುರಿದ್ರೆ ಪೂರ್ತಿ ಬೂಟ್ ಲಾಗ್ ಕಳ್ಸಿ. ಆಗ್ಲೇ ಒಬ್ರು ಒಂದು ಕಳ್ಸಿದಾರೆ, ಎರಡನೇ ಕೋರ್ ಎದ್ದೇಳ್ತಿಲ್ವಂತೆ, ಅದನ್ನೇ ಈಗ ಓದ್ತಾ ಇದೀನಿ.