ನಾಳೆ ಒಬ್ಬಳೇ ನೀರಿಗೆ ಇಳಿಯಬೇಡ

ಪುಟ್ಟೀ,

ನೀನು ಫೋನ್ ಇಟ್ಟ ಮೇಲೆ ಮತ್ತೆ ಮಾಡಿದೆ, ಸ್ವಿಚ್ ಆಫ್ ಬಂತು. ಇರಲಿ, ಮಲಗಿರುತ್ತೀಯ. ನನಗೆ ನಿದ್ದೆ ಬರುವ ಹಾಗಿಲ್ಲ. ನೀನು ಕೊನೆಗೆ ಹೇಳಿದ ಮಾತು ತಲೆಯಲ್ಲೇ ಕೂತಿದೆ. ನಾಳೆ ಎಲ್ಲರೂ ಏಳುವ ಮೊದಲೇ ಹೋಟೆಲಿನ ಪೂಲಿಗೆ ಇಳಿದು, ಉಸಿರು ಕಟ್ಟಿಕೊಂಡು ನೀರೊಳಗೇ ಹೋಗಿ ಬಂದು ಪ್ರಾಕ್ಟೀಸ್ ಮಾಡ್ತೀನಿ, ನಾಡಿದ್ದು 50 ಮೀಟರಿನ ರೇಸಿನಲ್ಲಿ ಒಂದು ಉಸಿರೂ ತಗೊಳ್ಳಲ್ಲ ಅಂದೆಯಲ್ಲ, ಅದು. ನಾನು ದನಿ ಏರಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಆದರೆ ಹೇಳಿದ್ದನ್ನು ವಾಪಸ್ ತಗೊಳ್ಳಲ್ಲ. ಎದ್ದ ತಕ್ಷಣ ಇದನ್ನು ಓದು, ಆಮೇಲೆ ಬೇಕಾದರೆ ಸಿಟ್ಟು ಮಾಡು.

ಮೊದಲು ಇವತ್ತಿನ 100 ಮೀಟರ್ ಫ್ರೀಸ್ಟೈಲಿನ ವಿಷಯ. ಸೆಮಿಗೆ 16 ಜನ, ನೀನು 17. ಪಟ್ಟಿ ಬಂದಾಗ ನಿನ್ನ ಹೆಸರು ಆ ಗೆರೆಯ ಕೆಳಗಿತ್ತು. ಅಪ್ಪ ಏನೂ ಮಾತಾಡದೆ ಎದ್ದು ಹೋಗಿ ಬಾಗಿಲ ಹತ್ತಿರ ನಿಂತರು. ನನಗೆ ಅಳು ಬರಲಿಲ್ಲ. ಯಾರಾದರೂ ಹಿಂದೆ ಸರಿದರೆ ಇರಲಿ ಅಂತ ನೀನು ಸಂಜೆ ಮತ್ತೆ ಆ ಬಿಗಿ ಸೂಟನ್ನು ಒದ್ದಾಡಿ ಹಾಕಿಕೊಂಡು, ರಿಸರ್ವ್ ಅಂತ ಕಾದು ಕೂತೆಯಲ್ಲ, ಯಾರೂ ಸರಿಯಲಿಲ್ಲ, ಆದರೂ ಕೊನೆಯವರೆಗೆ ಕೂತೇ ಇದ್ದೆಯಲ್ಲ, ಅದಕ್ಕೆ ನನಗೆ ಎಷ್ಟು ಹೆಮ್ಮೆ ಅಂತ ಹೇಳೋಕೆ ಬರಲ್ಲ. ಸುಮ್ನೆ ಸಮಾಧಾನಕ್ಕೆ ಹೇಳ್ತಾಳೆ ಅಂದುಕೊಳ್ಳುತ್ತೀಯ. ಅಂದುಕೋ. ಇಲ್ಲಿವರೆಗೆ ನೀನು ಹೇಗೆ ಬಂದೆ ಅನ್ನೋದು ನಮ್ಮಿಬ್ಬರಿಗೂ ಗೊತ್ತು, ಅದನ್ನು ಮತ್ತೆ ಬರೆಯೋದು ಬೇಡ.

ಕೊನೆಯ 15 ಮೀಟರಿನಲ್ಲಿ ಉಸಿರು ತಗೊಂಡೆ, ಅದಕ್ಕೇ ಕೈತಪ್ಪಿತು ಅಂತೀಯ. ನನಗೆ ಹಾಗೆ ಕಾಣಲಿಲ್ಲ. ನಿನ್ನ ಮೊದಲ 50ರ ಟೈಮ್ ನೋಡು, ಎರಡನೇ 50ರದು ನೋಡು. ಹೋಗುವಾಗಲೇ ಇದ್ದದ್ದೆಲ್ಲ ಖರ್ಚು ಮಾಡಿದೆ. ಬರುವಾಗ ಕಾಲು ಭಾರ ಆಗಿ ಸೊಂಟ ಕೆಳಗಿಳಿಯುತ್ತಿತ್ತು, ಕೈ ಉದ್ದಕ್ಕೆ ಚಾಚುತ್ತಿರಲಿಲ್ಲ. 2016ರ ರಿಯೋ ಒಲಿಂಪಿಕ್ಸಿನ ಇದೇ 100ರ ಫೈನಲ್ ನೀನೇ ನನಗೆ ತೋರಿಸಿದ್ದು. ಆಸ್ಟ್ರೇಲಿಯಾದ ಕೇಟ್ ಕ್ಯಾಂಪ್‌ಬೆಲ್ ಹೆಸರಲ್ಲಿ ಆಗ 52.06ರ ವಿಶ್ವದಾಖಲೆ ಇತ್ತು. 50 ಮುಗಿಸಿ ತಿರುಗುವ ಟರ್ನ್‌ನಲ್ಲಿ ಎಲ್ಲರಿಗಿಂತ ಮುಂದಿದ್ದವಳು ಆರನೆಯವಳಾಗಿ ಮುಟ್ಟಿದಳು. ಟರ್ನ್‌ನಲ್ಲಿ ಏಳನೆಯವಳಾಗಿದ್ದ ಕೆನಡಾದ ಪೆನ್ನಿ ಒಲೆಕ್ಸಿಯಾಕ್, 16 ವರ್ಷದ ಹುಡುಗಿ, ಅಮೆರಿಕದ ಸಿಮೋನ್ ಮ್ಯಾನುಯೆಲ್ ಜೊತೆ ಸರಿಸಮವಾಗಿ 52.70ಕ್ಕೆ ಮುಟ್ಟಿದಳು, ಇಬ್ಬರಿಗೂ ಚಿನ್ನ. ಅವತ್ತು ಯಾರಾದರೂ ಒಂದು ಉಸಿರಿಗೆ ಸೋತರಾ? ನೀನೂ ಇವತ್ತು ಉಸಿರಿಗೆ ಸೋತಿಲ್ಲ, ಅವಸರಕ್ಕೆ ಸೋತೆ.

ಈಗ ಅಸಲು ವಿಷಯ.

ನೀನು ಸಣ್ಣವಳಿದ್ದಾಗ, ಪ್ರಾಕ್ಟೀಸ್ ಮುಗಿದ ಮೇಲೆ ಹುಡುಗಿಯರೆಲ್ಲ ಸೇರಿ, ಯಾರು ಜಾಸ್ತಿ ಹೊತ್ತು ನೀರೊಳಗೆ ಇರ್ತಾರೆ ಅಂತ ಪಂದ್ಯ ಕಟ್ಟಿದ್ದಿರಿ. ಒಬ್ಬೊಬ್ಬರೇ ಮೇಲೆ ಬಂದರು. ನೀನು ಬರಲಿಲ್ಲ. ಏಣಿಯ ಕೊನೇ ಮೆಟ್ಟಿಲು ಹಿಡಿದುಕೊಂಡು ತಳದಲ್ಲಿ ಕೂತಿದ್ದೆ, ಮೇಲಿನಿಂದ ಹಳದಿ ಕ್ಯಾಪ್ ಒಂದೇ ಕಾಣುತ್ತಿತ್ತು. ಮೊದಲು ಗುಳ್ಳೆ ಬರುತ್ತಿದ್ದವು, ಆಮೇಲೆ ಅವೂ ನಿಂತವು. ನಾನು ಚಪ್ಪಲಿ ಬಿಟ್ಟು ಅಂಚಿಗೆ ಬರುವಷ್ಟರಲ್ಲಿ ನೀನೇ ಮೇಲೆ ಬಂದೆ. ತುಟಿ ನೀಲಿಯಾಗಿತ್ತು. ಆಮೇಲೆ ನಕ್ಕು, ಗೆದ್ದೆ ಅಂತ ಕೂಗಿದೆ. ನಿನಗೆ ಗೆದ್ದದ್ದು ಮಾತ್ರ ನೆನಪಿದೆ. ನಗುವ ಮೊದಲು ಒಂದು ಗಳಿಗೆ ನಿನ್ನ ಕಣ್ಣು ನನ್ನ ಕಡೆಗೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಆ ನೋಟ ನನಗೆ ಇವತ್ತಿಗೂ ಹೋಗಿಲ್ಲ ಕಣೇ. ನೀನು ನೀರಿಗೆ ಹಾರುವ ಬ್ಲಾಕ್ ಮೇಲೆ ನಿಂತಾಗಲೆಲ್ಲ ಪಕ್ಕದಲ್ಲಿದ್ದವರು ಟೈಮ್ ನೋಡುತ್ತಾರೆ, ನಾನು ನಿನ್ನ ಕ್ಯಾಪ್ ನೀರಿಂದ ಮೇಲೆ ಬರೋದನ್ನು ನೋಡುತ್ತಿರುತ್ತೇನೆ. 15 ಮೀಟರಿನ ಒಳಗೆ ತಲೆ ಮೇಲೆ ಬರಲೇಬೇಕು ಅಂತ ರೂಲ್ ಇದೆಯಲ್ಲ, ಅದನ್ನು ಮಾಡಿದವರ ಹೊಟ್ಟೆ ತಣ್ಣಗಿರಲಿ ಅನ್ನಿಸುತ್ತೆ.

ಅಮ್ಮನಿಗೆ ಸುಮ್ನೆ ಭಯ ಅನ್ನಬೇಡ. ಓದಿ ತಿಳಿದುಕೊಂಡೇ ಹೇಳುತ್ತಿದ್ದೇನೆ. ಉಸಿರು ತಗೋ ಅಂತ ಮೈ ಒತ್ತಾಯ ಮಾಡೋದು ಆಕ್ಸಿಜನ್ ಕಮ್ಮಿ ಆಗಿದ್ದಕ್ಕಲ್ಲ, ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಗಿದ್ದಕ್ಕೆ. ಮುಳುಗುವ ಮೊದಲು ಜೋರು ಜೋರಾಗಿ ಉಸಿರಾಡಿದರೆ ಅದು ಹೊರಗೆ ಹೋಗಿಬಿಡುತ್ತೆ. ಆಮೇಲೆ ಒಳಗೆ ಆಕ್ಸಿಜನ್ ಇಳಿಯುತ್ತಿದ್ದರೂ ಮೈ ಎಚ್ಚರಿಸೋದೇ ಇಲ್ಲ. ಇನ್ನೂ ಒಂದು ಲೆಂತ್ ಆಗುತ್ತೆ ಅನ್ನಿಸುತ್ತಿರುವಾಗಲೇ ಪ್ರಜ್ಞೆ ತಪ್ಪುತ್ತೆ. ಸೊಂಟದ ಮಟ್ಟದ ನೀರಾದರೂ ಅಷ್ಟೇ. ಈಜು ಬರದವರು ಬೇಗ ಹೆದರಿ ಮೇಲೆ ಬರುತ್ತಾರೆ, ಇದು ತಗುಲೋದು ನಿನ್ನಂಥ ಹಟಮಾರಿಗಳಿಗೆ. ಚೆನ್ನಾಗಿ ಈಜುವವರಿಗೆ.

2022ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್ ಗೊತ್ತಲ್ಲ. ಅಮೆರಿಕದ ಅನಿತಾ ಆಲ್ವರೆಜ್, ಸಂಗೀತಕ್ಕೆ ನೀರಲ್ಲಿ ಕುಣಿಯೋ ಆರ್ಟಿಸ್ಟಿಕ್ ಸ್ವಿಮ್ಮರ್, ಸೋಲೋ ಫೈನಲ್ ಮುಗಿಸಿದ್ದೇ ಪ್ರಜ್ಞೆ ತಪ್ಪಿ ತಳಕ್ಕೆ ಇಳಿದುಬಿಟ್ಟಳು. ಕೋಚ್ ಆಂಡ್ರಿಯಾ ಫುಯೆಂಟೆಸ್ ಹಾಕಿದ ಬಟ್ಟೆಯಲ್ಲೇ ಹಾರಿ ಅವಳನ್ನು ಎತ್ತಿಕೊಂಡು ಬಂದರು. ಜಗತ್ತಿನಲ್ಲಿ ಅವಳಷ್ಟು ಉಸಿರು ಹಿಡಿಯೋಕೆ ಪಳಗಿದವರು ಎಷ್ಟು ಜನ ಇದ್ದಾರು? ಅವಳು ಉಳಿದಿದ್ದು ಕೋಚ್ ಕಣ್ಣು ಅವಳ ಮೇಲೇ ಇದ್ದಿದ್ದಕ್ಕೆ. ಪೂಲಿನ ಸುತ್ತ ಅಷ್ಟು ಜನ ಇದ್ದ ಕಡೆ ಹಾಗಾಯಿತು. ಬೆಳಗಿನ ಜಾವ ಹೋಟೆಲಿನ ಪೂಲಿನಲ್ಲಿ ಯಾರ ಕಣ್ಣಿರುತ್ತೆ ಪುಟ್ಟೀ? ಲೈಫ್‌ಗಾರ್ಡ್ ಕೂಡ ಬಂದಿರಲ್ಲ. ತಳದಲ್ಲಿ ಒಂದು ಕ್ಯಾಪ್ ಇದೆ ಅಂತ ಯಾರು ಬಗ್ಗಿ ನೋಡುತ್ತಾರೆ?

ನಾಡಿದ್ದು 50ರಲ್ಲಿ ಉಸಿರು ತಗೊಳ್ಳಬೇಡ ಅಂತ ನಾನು ಹೇಳುತ್ತಿಲ್ಲ, ತಗೋ ಅಂತಾನೂ ಹೇಳುತ್ತಿಲ್ಲ. ಅದು ನೀನೂ ಕೋಚೂ ಮಾತಾಡಿಕೊಳ್ಳುವ ವಿಷಯ. ದೊಡ್ಡ ಈಜುಗಾರ್ತಿಯರಲ್ಲಿ ಹೆಚ್ಚಿನವರು ಒಂದೂ ಉಸಿರು ತಗೊಳ್ಳದೆ ಅಥವಾ ಒಂದೇ ಸಲ ತಗೊಂಡು ಮುಗಿಸುತ್ತಾರೆ ಅಂತ ನನಗೂ ಗೊತ್ತು. ಸ್ವೀಡನ್ನಿನ ಸಾರಾ ಶೋಸ್ಟ್ರೋಮ್ 2023ರಲ್ಲಿ ಜಪಾನಿನ ಫುಕುವೊಕಾದಲ್ಲಿ ಮಾಡಿದ 50ರ ವಿಶ್ವದಾಖಲೆ 23.61 ಸೆಕೆಂಡ್, ಅಷ್ಟೇ ಹೊತ್ತಿನ ರೇಸು ಅದು. ಅಷ್ಟು ಹೊತ್ತು ಉಸಿರು ಹಿಡಿಯೋದು ನಿನಗೆ ಈಗಲೇ ಬರುತ್ತೆ. ನಾಳೆ ಒಂದು ಬೆಳಿಗ್ಗೆ ಮುಳುಗಿ ಎದ್ದರೆ ಹೊಸದಾಗಿ ಏನೂ ಬರಲ್ಲ. ಮೈಗೆ ಆಯಾಸ ಆಗುತ್ತೆ, ಇಷ್ಟು ವಾರ ಪ್ರಾಕ್ಟೀಸ್ ಕಮ್ಮಿ ಮಾಡಿ ಮೈ ಹಗುರ ಮಾಡಿಕೊಂಡಿದ್ದು ಹಾಳಾಗುತ್ತೆ. ಬೇಕಾದರೆ ಸ್ಟಾರ್ಟ್ ಮಾಡು, ಅದರಲ್ಲಿ ಟೈಮ್ ಸಿಗುತ್ತೆ. ಇವತ್ತು ಬ್ಲಾಕ್ ಬಿಡೋದು ತಡವಾಯಿತು, ಅದನ್ನು ನೀನು ಫೋನಿನಲ್ಲಿ ಹೇಳಲೇ ಇಲ್ಲ. ರಾತ್ರಿ ಹೊತ್ತಿಗೆ ಸರಿಯಾಗಿ ಊಟ ಮಾಡು. ಮೊಬೈಲಲ್ಲಿ ಬೇರೆಯವರ ರಿಸಲ್ಟ್ ನೋಡುತ್ತಾ ಕೂರಬೇಡ. ಸರಿ, ಮತ್ತೆ ಪಾಠ ಶುರು ಮಾಡಿದೆ.

ಒಂದೇ ಒಂದು ಹೇಳಿಬಿಡುತ್ತೇನೆ. ಅದೇ ಸಾರಾ 2021ರ ಫೆಬ್ರವರಿಯಲ್ಲಿ ಮಂಜಿನ ಮೇಲೆ ಜಾರಿ ಬಿದ್ದು ಮೊಣಕೈ ಮುರಿದುಕೊಂಡಳು. ಅದೇ ವರ್ಷ ಟೋಕಿಯೋ ಒಲಿಂಪಿಕ್ಸಿನಲ್ಲಿ 50ಕ್ಕೆ ಬೆಳ್ಳಿ. ಫ್ರೀಸ್ಟೈಲಿನಲ್ಲಿ ಚಿನ್ನ ಬಂದಿದ್ದು 2024ರಲ್ಲಿ, ಪ್ಯಾರಿಸ್‌ನಲ್ಲಿ, 50ಕ್ಕೂ 100ಕ್ಕೂ. ಆಗ ಅವಳಿಗೆ 30 ವರ್ಷ. ನಿನಗೆ ಎಲ್ಲವೂ ನಾಡಿದ್ದೇ ಆಗಬೇಕು ಅಂತ ಯಾಕೆ ಇಷ್ಟು ಹಟ? ನಾನೇನು ಕೇಳಿದ್ದೀನಾ? ಅಪ್ಪ ಕೇಳಿದ್ದಾರಾ?

ನಾಳೆ ಕೋಚ್ ಎದ್ದ ಮೇಲೆ, ಅವರ ಜೊತೆಗೇ ವಾರ್ಮ್ ಅಪ್ ಪೂಲಿಗೆ ಹೋಗು. ನೀನು ಹೇಳದೇ ಇದ್ದರೆ ಬೆಳಿಗ್ಗೆ ನಾನೇ ಅವರಿಗೆ ಫೋನ್ ಮಾಡುತ್ತೇನೆ, ನಿನಗೆ ಅವಮಾನ ಅನ್ನಿಸಿದರೂ ಸರಿ. ಹೊರಡುವ ಮೊದಲು ಯಾರ ಜೊತೆ ಹೋಗುತ್ತಿದ್ದೀಯ ಅಂತ ಒಂದು ಮೆಸೇಜ್ ಹಾಕು. ನನ್ನ ಮೇಲೆ ಸಿಟ್ಟಿದ್ದರೆ ಅಪ್ಪನಿಗೆ ಹಾಕು, ಅವರು ನನಗೆ ಹೇಳುತ್ತಾರೆ.

ಅಮ್ಮ