ಮದ್ದೂರು ವಡೆ ಕುಂದಾಪುರದವರ ಕೈಯಡುಗೆ, ಕುಂದಾಪುರ ಸ್ಟೇಷನ್ನಿನಲ್ಲಿ ಒಂದು ಬೋರ್ಡ್ ಹಾಕಿ

ಸಂಪಾದಕರೇ,

ಕಳೆದ ವಾರ ಕುಂದಾಪುರ ರೈಲ್ವೆ ಸ್ಟೇಷನ್ನಿನಲ್ಲಿ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗ ಮದ್ದೂರು ವಡೆಯ ಪ್ಯಾಕೆಟ್ ಬಿಚ್ಚಿ ನನಗೂ ಒಂದು ಕೊಟ್ಟ. "ಇದನ್ನು ಮೊದಲು ಮಾಡಿದವರು ನಿಮ್ಮೂರಿನವರೇ ಮಾರಾಯ, ಗೊತ್ತುಂಟಾ?" ಅಂದೆ. ಅವನು ನಂಬಲೇ ಇಲ್ಲ. ಮನಸ್ಸಿಗೆ ಬೇಜಾರಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕುಂದಾಪುರ ಕಡೆಯ ರಾಮಚಂದ್ರ ಬುಧ್ಯರು 1917ರಲ್ಲಿ ಮದ್ದೂರು ಸ್ಟೇಷನ್ನಿನಲ್ಲಿ ಸಣ್ಣದೊಂದು ಹೋಟೆಲ್ ಶುರು ಮಾಡಿದರು. ಹೆಸರು ವೆಜಿಟೇರಿಯನ್ ಲೈಟ್ ರಿಫ್ರೆಶ್‌ಮೆಂಟ್, ಜನರ ಬಾಯಲ್ಲಿ ವಿಎಲ್‌ಆರ್. ಮಂಗಳೂರಿಗೇ ರೈಲು ಬಂದದ್ದು 1907ರಲ್ಲಿ, ಕುಂದಾಪುರದವರು ಅದನ್ನು ನೋಡಬೇಕಾದರೆ ಕಡವು ದಾಟಿ ಹೋಗಬೇಕಿತ್ತು. ಅಂಥ ಕಾಲದಲ್ಲಿ ಊರಲ್ಲಿ ರೈಲೇ ಇಲ್ಲದ ಮನುಷ್ಯ ಘಟ್ಟ ಹತ್ತಿ, ರೈಲಿನ ಹೊತ್ತು ನೋಡಿಕೊಂಡು ಒಲೆ ಹಚ್ಚುವ ಬದುಕು ಕಟ್ಟಿಕೊಂಡರಲ್ಲ!

ಮೊದಲು ಇಡ್ಲಿ, ಪಕೋಡ ಮಾರುತ್ತಿದ್ದರಂತೆ. ಒಮ್ಮೆ ರೈಲಿನ ಸಮಯ ಬದಲಾಗಿ ಪಕೋಡ ಕರಿಯುತ್ತಾ ಕೂರಲು ಪುರುಸೊತ್ತು ಸಿಗಲಿಲ್ಲವಂತೆ, ಅದೇ ಹಿಟ್ಟನ್ನು ಅಗಲವಾಗಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಒಬ್ಬ ಒಳ್ಳೆಯ ಅಡುಗೆಯವರ ಬುದ್ಧಿ. ಉದ್ದಿನ ವಡೆಯಾದರೆ ಬೇಳೆ ನೆನೆಯಬೇಕು, ರುಬ್ಬಬೇಕು. ಇದಕ್ಕೆ ರವೆ, ಅಕ್ಕಿಹಿಟ್ಟು, ಮೈದಾ, ಹೆಚ್ಚಿದ ನೀರುಳ್ಳಿ, ಹಸಿಮೆಣಸು, ಕರಿಬೇವು, ಮೇಲಿಂದ ಸ್ವಲ್ಪ ಬಿಸಿ ಎಣ್ಣೆ. ನೆನೆಸುವುದೂ ಇಲ್ಲ, ರುಬ್ಬುವುದೂ ಇಲ್ಲ. ತಿನ್ನಲು ತಟ್ಟೆ ಬೇಡ, ಮರುದಿನಕ್ಕೂ ಕೆಡುವುದಿಲ್ಲ. ರೈಲಿಗೆ ಇದಕ್ಕಿಂತ ಸರಿಯಾದ ತಿಂಡಿ ಯಾವುದಿದೆ ಹೇಳಿ.

1980ರ ದಶಕದಲ್ಲಿ ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೆ. ಆಗ ಮೀಟರ್‌ಗೇಜ್, ಒಂದೇ ಹಳಿ. ಎದುರಿನ ರೈಲಿಗೆ ದಾರಿ ಬಿಡಲು, ಕ್ರಾಸಿಂಗ್ ಅಂತ ರೈಲು ಮದ್ದೂರಿನಲ್ಲಿ ನಿಂತರೆ ನಮಗೆ ಖುಷಿ. ಕಿಟಕಿಯ ಸರಳಿನ ಸಂದಿಯಿಂದ ಬಿಸಿ ಪೊಟ್ಟಣ ಒಳಗೆ ಬರುತ್ತಿತ್ತು, ಪೇಪರಿನ ತುಂಬ ಎಣ್ಣೆ ಹರಡಿ ಈಚೆಯ ಅಕ್ಷರದ ಜೊತೆ ಆಚೆ ಪುಟದ ಅಕ್ಷರವೂ ಕಾಣುತ್ತಿತ್ತು. ಅಂಚು ಮುರಿದರೆ ಗರಿಗರಿ, ನಡುವೆ ಮೆತ್ತಗೆ, ಹೊರಗೆ ಚಾಚಿದ ನೀರುಳ್ಳಿ ಎಸಳು ಒಂದು ಚೂರು ಸೀದಿರುತ್ತಿತ್ತು. ಆ ಸೀದ ನೀರುಳ್ಳಿಯ ರುಚಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆಮೇಲೆ ಜೋಡಿ ಹಳಿ ಬಂತು. ಪ್ರಯಾಣಿಕರಿಗೆ ಅದು ಒಳ್ಳೆಯದೇ, ಕಾಯುವ ಕಷ್ಟ ತಪ್ಪಿತು. ಆದರೆ ರೈಲು ಬಂದ ಹಾಗೇ ಹೊರಟರೆ ಸ್ಟೇಷನ್ ಹೋಟೆಲಿಗೆ ವ್ಯಾಪಾರ ಎಲ್ಲಿಂದ ಬರಬೇಕು? ನೂರು ವರ್ಷ ತುಂಬಿದ 2017ರಲ್ಲೇ ವಿಎಲ್‌ಆರ್ ಬಾಗಿಲು ಹಾಕಿತು. ವಡೆ ಉಳಿಯಿತು. ಹೆದ್ದಾರಿ ಹೋಟೆಲುಗಳಲ್ಲಿ, ಬೇಕರಿಗಳಲ್ಲಿ, ಈಗ ಪ್ಯಾಕೆಟ್ಟಿನಲ್ಲೂ ಸಿಗುತ್ತದೆ. ಮಾಡಿದವರ ಹೆಸರು ಮಾತ್ರ ಜಾಸ್ತಿ ಜನರಿಗೆ ಗೊತ್ತಿಲ್ಲ.

ಮದ್ದೂರಿನ ಹೆಸರು ಮದ್ದೂರಿಗೇ ಇರಲಿ, ಅದನ್ನು ಯಾರೂ ಕಿತ್ತುಕೊಳ್ಳುವುದು ಬೇಡ. ನಾನು ಕೇಳುವುದು ಇಷ್ಟೇ. ಕುಂದಾಪುರಕ್ಕೆ ರೈಲು ಬಂದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯ ಜೊತೆ. ಮೂಡ್ಲಕಟ್ಟೆಯ ಆ ಸ್ಟೇಷನ್ನಿನಲ್ಲಿ ಬುಧ್ಯರ ಹೆಸರು, 1917 ಅಂತ ಇಸವಿ, ನಾಲ್ಕು ಸಾಲು ಕನ್ನಡದಲ್ಲಿ ಬರೆದು ಒಂದು ಬೋರ್ಡ್ ಹಾಕಲಿ. 'ಒಂದು ನಿಲ್ದಾಣ, ಒಂದು ಉತ್ಪನ್ನ' ಅಂತ ರೈಲ್ವೆಯ ಯೋಜನೆಯೇ ಇದೆಯಲ್ಲ, ಅದರಲ್ಲಿ ನಮ್ಮ ಹೆಣ್ಣುಮಕ್ಕಳ ಸ್ವಸಹಾಯ ಸಂಘದವರಿಗೆ ಒಂದು ಮಳಿಗೆ ಕೊಟ್ಟು ಬಿಸಿ ವಡೆ ಕರಿಸಿದರೆ ಇನ್ನೂ ಸಂತೋಷ. ಬೋರ್ಡಿನ ಖರ್ಚಿಗೆ ನನ್ನ ಪಾಲು ಕೊಡಲು ನಾನು ತಯಾರಿದ್ದೇನೆ.

ಒಬ್ಬ ಓದುಗ, ಇಂದ್ರಾಳಿ, ಉಡುಪಿ