ತೋಟ ಮಾರಬೇಡಿ ಅಪ್ಪಾ

ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾ
5 ಮೇ 2024

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಪುಟ್ಟಿಯ ಕೆಮ್ಮು ವಾಸಿಯಾಗಿದೆ. ಫೋನಿನಲ್ಲಿ ನಾವಿಲ್ಲಿ ಕೊಳ್ಳಬೇಕೆಂದಿರುವ ಮನೆಯ ದುಡ್ಡಿನ ಮಾತು ಬಂದ ತಕ್ಷಣ ಅಪ್ಪ "ಅದೆಲ್ಲ ನಾನು ನೋಡ್ಕೋತೀನಿ ಬಿಡು" ಅಂತ ಮಾತು ಮುಗಿಸಿಬಿಡುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ತಮ್ಮನಿಗೂ ತೋರಿಸಿ.

ಅಪ್ಪಾ, ನಮ್ಮ ಮನೆಗಾಗಿ ಕೆರೆ ಹಿಂದಿನ ತೋಟ ಮಾರಬೇಡಿ. ಅದರಲ್ಲಿ ತಮ್ಮನ ಬದುಕಿದೆ. ಅವನು ಬಾಯಿಬಿಟ್ಟು ಬೇಡ ಅನ್ನುವವನಲ್ಲ, ನಿಮಗೇ ಗೊತ್ತು. ಮಾರಿದರೂ ಆ ದುಡ್ಡು ಇಲ್ಲಿಗೆ ತರೋದು ಸುಲಭವಿಲ್ಲ. ಹೋದ ಅಕ್ಟೋಬರಿನಿಂದ ವರ್ಷಕ್ಕೆ 7 ಲಕ್ಷ ದಾಟಿದ ಮೇಲೆ ಹೊರಗೆ ಕಳಿಸೋ ಹಣಕ್ಕೆ ಬ್ಯಾಂಕಿನವರು ನೂರಕ್ಕೆ 20 ರೂಪಾಯಿ ಟಿಸಿಎಸ್ ಅಂತ ಮುಂಚಿತವಾಗಿ ತೆರಿಗೆ ಹಿಡಿಯುತ್ತಾರೆ. ರಿಟರ್ನ್ಸ್ ಹಾಕಿದ ಮೇಲೆ ಅದು ಲೆಕ್ಕಕ್ಕೆ ಬರುತ್ತೆ ನಿಜ, ಆದರೆ ಅಲ್ಲಿವರೆಗೆ ಅಷ್ಟು ಹಣ ಕಟ್ಟಿಹಾಕಿದಂತೆ. ಇಲ್ಲಿ ಸಾಲ ಕೊಡುವವರು ಕೂಡ ಇದು ನಿಜವಾಗಿ ಉಡುಗೊರೆಯೇ, ಎಲ್ಲಿಂದ ಬಂತು ಅಂತ ಕಾಗದಪತ್ರ ಕೇಳುತ್ತಾರೆ. ಇಷ್ಟೆಲ್ಲ ನಿಮ್ಮ ತಲೆ ಮೇಲೆ ಹಾಕೋಕೆ ನನಗೆ ಮನಸ್ಸಿಲ್ಲ.

ತೊಂದರೆ ಇರೋದು ಕಂತಿನಲ್ಲಲ್ಲ, ಮುಂಗಡದಲ್ಲಿ. ನಾವು ನೋಡುತ್ತಿರುವಂಥ ಮನೆಗೆ 4,80,000 ಡಾಲರ್ ಆಗುತ್ತೆ. ಅದರ 20 ಪರ್ಸೆಂಟ್ ಡೌನ್ ಪೇಮೆಂಟ್ ಅಂದರೆ 96,000 ಡಾಲರ್. ನಮ್ಮ ದುಡ್ಡಲ್ಲಿ ಸುಮಾರು 80 ಲಕ್ಷ. ಕಡಿಮೆ ಕೊಟ್ಟರೂ ಮನೆ ಸಿಗುತ್ತೆ, ಆದರೆ ತಿಂಗಳು ತಿಂಗಳು ಮಾರ್ಟ್‌ಗೇಜ್ ಇನ್ಶೂರೆನ್ಸ್ ಕಟ್ಟಬೇಕು. ಆ ಇನ್ಶೂರೆನ್ಸ್ ಕಾಯೋದು ಸಾಲ ಕೊಟ್ಟವರನ್ನು, ನಮ್ಮನ್ನಲ್ಲ. ನಮಗೆ ಬರೋದು ನನ್ನ ಆಸ್ಪತ್ರೆ ಲ್ಯಾಬಿನ ಸಂಬಳ, ಇವರ ಮೇಷ್ಟ್ರ ಸಂಬಳ. ಬಾಡಿಗೆ ಕಟ್ಟಿಕೊಂಡು ಅಷ್ಟು ದೊಡ್ಡ ಗಂಟು ಕೂಡಿಸುವ ಹೊತ್ತಿಗೆ ಮನೆ ಬೆಲೆ ಇನ್ನೂ ಮೇಲಕ್ಕೆ ಹೋಗಿರುತ್ತೆ. ಇಲ್ಲಿಯ ಹುಡುಗರು ಚಿಕ್ಕ ವಯಸ್ಸಿಗೇ ಮನೆ ತಗೊಳ್ಳೋದು ಹೇಗೆ ಅಂತ ನೀವು ಕೇಳಿದ್ದಿರಿ. ಎಷ್ಟೋ ಜನರಿಗೆ ಅಪ್ಪ ಅಮ್ಮನ ಮನೆಯೇ ಆಧಾರ. ಅದರ ಮೇಲೆ ಸಾಲ ಎತ್ತಿ ಮಕ್ಕಳಿಗೆ ಕೊಡುತ್ತಾರೆ.

ಹಾಗೆ ಅಪ್ಪ ಅಮ್ಮನ ಮನೆಯ ಆಧಾರ ಇಲ್ಲದವರಿಗಾಗಿ ಈ ರಾಜ್ಯದ ಸರ್ಕಾರ ಒಂದು ಯೋಜನೆ ಇಟ್ಟಿದೆ. ಕ್ಯಾಲಿಫೋರ್ನಿಯಾ ಡ್ರೀಮ್ ಫಾರ್ ಆಲ್ ಅಂತ ಹೆಸರು. ನಡೆಸೋದು ಕ್ಯಾಲ್‌ಎಚ್‌ಎಫ್‌ಎ ಅನ್ನೋ ರಾಜ್ಯದ ಹೌಸಿಂಗ್ ಸಂಸ್ಥೆ. ಮನೆ ಬೆಲೆಯ 20 ಪರ್ಸೆಂಟ್, ಹೆಚ್ಚೆಂದರೆ 1,50,000 ಡಾಲರ್, ಅವರು ಕೊಡುತ್ತಾರೆ. ತಿಂಗಳ ಕಂತಿಲ್ಲ. ಮನೆ ಮಾರಿದಾಗ ಅಥವಾ ಸಾಲವನ್ನು ಬೇರೆಡೆಗೆ ಬದಲಾಯಿಸಿದಾಗ ತೀರಿಸಬೇಕು. ಬಡ್ಡಿಯ ಬದಲು ಮನೆ ಬೆಲೆ ಏರಿದ್ದರಲ್ಲಿ ಪಾಲು.

"ಸರ್ಕಾರಕ್ಕೆ ಪಾಲಾ?" ಅಂತ ನೀವು ಹುಬ್ಬೇರಿಸುತ್ತೀರಿ, ಗೊತ್ತು. ನಮ್ಮೂರಲ್ಲಿ ಕುರಿ ಪಾಲಿಗೆ ಕೊಡುವುದಿಲ್ಲವಾ, ಹಾಗೇ ಇದು. ಕುರಿ ಕೊಟ್ಟವರದೇ, ಹುಟ್ಟಿದ ಮರಿಯಲ್ಲಿ ಅವರಿಗೂ ಪಾಲು. 96,000 ತಗೊಂಡು ಕೊಂಡ ಮನೆಯನ್ನು ಮುಂದೆ 5,80,000ಕ್ಕೆ ಮಾರಿದೆವು ಅನ್ನಿ. ಏರಿದ್ದು ಒಂದು ಲಕ್ಷ ಡಾಲರ್. ಅದರ 20 ಪರ್ಸೆಂಟ್, 20,000, ಜೊತೆಗೆ ಅಸಲು 96,000 ವಾಪಸ್. ಬೆಲೆ ಏರದಿದ್ದರೆ ಅಸಲು ಮಾತ್ರ. ಬೆಲೆ ಎಷ್ಟೇ ಏರಲಿ, ಆ ಪಾಲು ಅಸಲಿನ ಎರಡೂವರೆ ಪಟ್ಟು ದಾಟುವಂತಿಲ್ಲ. ಇವರು ಎರಡೆರಡು ಸಲ ಲೆಕ್ಕ ಹಾಕಿ ನೋಡಿದರು. ನನಗಂತೂ ಇದು ನ್ಯಾಯವಾದ ಸಾಲ ಅನ್ನಿಸಿದೆ. ಯಾರೋ ವಾಪಸ್ ಕಟ್ಟಿದ ದುಡ್ಡು ಇನ್ನೊಬ್ಬರ ಮನೆಗೆ ಹೋಗುತ್ತೆ.

ಹೋದ ವರ್ಷ ಮಾರ್ಚಿನಲ್ಲಿ ಮೊದಲ ಸಲ ತೆರೆದಾಗ ಮೊದಲು ಬಂದವರಿಗೆ ಮೊದಲು ಅಂತ ಇಟ್ಟಿದ್ದರು. ಸುಮಾರು 300 ಮಿಲಿಯನ್ ಡಾಲರ್ 11 ದಿನದಲ್ಲಿ ಖಾಲಿ! ವಿಷಯ ಮೊದಲೇ ಗೊತ್ತಿದ್ದವರಿಗೆ, ಕಾಗದ ಸಿದ್ಧ ಇಟ್ಟುಕೊಂಡವರಿಗೆ ಸಿಕ್ಕಿತು. ಈ ಸಲ ನಿಯಮ ಬದಲಾಯಿಸಿದರು. ಅರ್ಜಿ ಹಾಕೋಕೆ ಏಪ್ರಿಲ್ 3ರಿಂದ 29ರವರೆಗೆ ಸಮಯ ಕೊಟ್ಟು, ಆಮೇಲೆ ಲಾಟರಿ. ಸಾಲ ತಗೊಳ್ಳುವವರಲ್ಲಿ ಒಬ್ಬರಾದರೂ ಮನೆತನದಲ್ಲಿ ಮೊದಲ ಸಲ ಮನೆ ಕೊಳ್ಳುವವರಾಗಿರಬೇಕು.

ನಾವೂ ಅರ್ಜಿ ಹಾಕಿದ್ದೇವೆ. ಅದರಲ್ಲಿ ನಿಮ್ಮ ಬಗ್ಗೆಯೇ ಕೇಳುತ್ತಾರೆ ಅಪ್ಪಾ. ತಂದೆ ತಾಯಿಗೆ ಅಮೆರಿಕದಲ್ಲಿ ಸ್ವಂತ ಮನೆ ಇರಬಾರದು, ತೀರಿಕೊಂಡಿದ್ದರೆ ಆಗಲೂ ಇದ್ದಿರಬಾರದು. ಅಮೆರಿಕದಲ್ಲಿ ಅಂತ ಸ್ಪಷ್ಟವಾಗಿದೆ. ತಿಪಟೂರಿನ ನಮ್ಮ ಮನೆ ಲೆಕ್ಕಕ್ಕಿಲ್ಲ. ನಿಮ್ಮಿಬ್ಬರ ಹೆಸರು, ನಮ್ಮ ಊರು, ಕೇರಿ ಎಲ್ಲ ಟೈಪ್ ಮಾಡುವಾಗ ನನ್ನ ಕಣ್ಣು ತುಂಬಿ ಬಂತು. ನಮ್ಮನ್ನು ಓದಿಸಿದ ನಿಮ್ಮ ಹೆಸರು ಇಲ್ಲೂ ಕೆಲಸಕ್ಕೆ ಬರುತ್ತಿದೆ. ಅಂದ ಹಾಗೆ, ಗ್ರೀನ್ ಕಾರ್ಡ್ ಬಂದಿದ್ದರಿಂದ ಈ ಅರ್ಜಿ ಹಾಕಲು ಸಾಧ್ಯವಾಯಿತು. ಎಚ್-1ಬಿ ವೀಸಾದಲ್ಲಿ ಇರುವ ನಮ್ಮ ಕನ್ನಡದ ಗೆಳೆಯರಿಗೆ ಈ ದಾರಿ ಇಲ್ಲ.

ಒಂದು ವಿಷಯ ಮಾತ್ರ ನನ್ನನ್ನು ಕಾಡಿತು. ಲ್ಯಾಬಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುವ ಗೆಳತಿ ಕಪ್ಪು ಜನಾಂಗದವಳು. ಅವಳ ತಾತ ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದರೂ ಮನೆ ಸಾಲ ಸಿಗಲಿಲ್ಲವಂತೆ. 1930ರ ದಶಕದಲ್ಲಿ ಇಲ್ಲಿನ ಸರ್ಕಾರದ ಸಂಸ್ಥೆಯೊಂದು ಊರೂರಿನ ನಕ್ಷೆ ಬರೆಸಿ, ಕಪ್ಪು ಜನರು ಇರುವ ಬಡಾವಣೆಗಳಿಗೆ ಕೆಂಪು ಬಳಿದು, ಇಲ್ಲಿ ಸಾಲ ಕೊಡೋದು ಅಪಾಯ ಅಂತ ಗುರುತು ಮಾಡಿತ್ತು. ಸ್ಯಾಕ್ರಮೆಂಟೊಗೂ ಅಂಥ ನಕ್ಷೆ ಇದೆ. ಮನೆ ವಿಷಯದಲ್ಲಿ ಹೀಗೆ ಭೇದ ಮಾಡಬಾರದು ಅಂತ ಕಾನೂನು ಬಂದದ್ದು 1968ರಲ್ಲಿ. ತಾತನಿಗೆ ಮನೆ ಇಲ್ಲ, ಹಾಗಾಗಿ ಅವಳ ಅಮ್ಮನಿಗೂ ಇಲ್ಲ, ಇವಳಿಗೂ ಇಲ್ಲ. ಇಂಥವರಿಗೆ ಸಲ್ಲಬೇಕಾದ್ದಕ್ಕೆ ನಾನು ಕೈ ಚಾಚುವುದು ಸರಿಯಾ ಅಂತ ಅವಳನ್ನೇ ಕೇಳಿದೆ. ಅವಳು ನಕ್ಕು, ನಿನ್ನ ಜನರಿಗೂ ಇಲ್ಲಿ ಬಾಗಿಲು ಹಾಕಿದ್ದರು, ಓದಿ ನೋಡು ಅಂದಳು.

ಓದಿದೆ. 1913ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾಯ್ದೆ ಮಾಡಿ, ಪೌರತ್ವ ಪಡೆಯಲಾರದ ಪರದೇಶದವರು ಕೃಷಿ ಜಮೀನು ಕೊಳ್ಳಬಾರದು ಅಂದರು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಅನ್ನುವವರ ಕೇಸಿನಲ್ಲಿ ಭಾರತೀಯರಿಗೆ ಪೌರತ್ವ ಇಲ್ಲ ಅಂದಿತು. ನಮ್ಮ ಉತ್ತರಕ್ಕೆ ಯೂಬಾ ಸಿಟಿ ಅಂತ ಊರಿದೆ. ಆ ಕಡೆಯ ಪಂಜಾಬಿ ರೈತರು ತಾವು ಉಳುವ ಜಮೀನನ್ನು ಬೇರೆಯವರ ಹೆಸರಿನಲ್ಲಿ ಇಡಬೇಕಾಯಿತು. 1946ರಲ್ಲಿ ಭಾರತೀಯರಿಗೆ ಪೌರತ್ವದ ದಾರಿ ತೆರೆಯಿತು, 1952ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ಜಮೀನು ಕಾಯ್ದೆಯನ್ನು ಹೊಡೆದುಹಾಕಿತು. ಅವರ ಕಷ್ಟ ನಾನು ಪಟ್ಟವಳಲ್ಲ. ಹಾಗಾಗಿ ನನ್ನ ಹಕ್ಕು ಅವಳ ಹಕ್ಕಿನಷ್ಟು ದೊಡ್ಡದು ಅಂತ ಈಗಲೂ ಹೇಳಲಾರೆ. ಆದರೂ ನಾವಿಬ್ಬರೂ ಊಟದ ಬಿಡುವಿನಲ್ಲಿ ಜೊತೆಗೇ ಕೂತು ಅರ್ಜಿ ಹಾಕಿದೆವು. ಒಬ್ಬರಿಗೇ ಸಿಗುವುದಾದರೆ ಅವಳಿಗೇ ಸಿಗಲಿ ಅಂತ ಮನಸಾರೆ ಬೇಡಿಕೊಂಡಿದ್ದೇನೆ. ಅಮ್ಮಾ, ದೇವರ ಮುಂದೆ ದೀಪ ಹಚ್ಚುವಾಗ ನೀನೂ ಅವಳನ್ನು ನೆನೆಸಿಕೋ.

ಇಡೀ ರಾಜ್ಯಕ್ಕೆ ಸಿಗೋದು 2,000 ಕುಟುಂಬಗಳ ಒಳಗೇ. ಲಾಟರಿಯಲ್ಲಿ ಹೆಸರು ಬಂದರೆ 90 ದಿನದಲ್ಲಿ ಮನೆ ಹುಡುಕಬೇಕು. ಮನೆ ಕೊಳ್ಳುವವರ ಕ್ಲಾಸು ಕಡ್ಡಾಯ. ಪುಟ್ಟಿ ಮಲಗಿದ ಮೇಲೆ ಇಬ್ಬರೂ ಕೂತು ಮುಗಿಸಿದ್ದೇವೆ.

ಬರದಿದ್ದರೂ ನೀವು ತೋಟಕ್ಕೆ ಕೈ ಹಾಕಬೇಡಿ. ಅದೇ ಸಂಸ್ಥೆಯ ಮೈಹೋಮ್ ಅನ್ನೋ ಇನ್ನೊಂದು ಸಾಲ ಇದೆ. ಇಲ್ಲಿನ ಕೇಂದ್ರ ಸರ್ಕಾರದ ವಿಮೆ ಇರುವ ಎಫ್‌ಎಚ್‌ಎ ಸಾಲದ ಜೊತೆ ಬೆಲೆಯ 3.5 ಪರ್ಸೆಂಟ್, ನಮ್ಮ ಲೆಕ್ಕಕ್ಕೆ 16,800 ಡಾಲರ್, ಡೌನ್ ಪೇಮೆಂಟಿಗೆ ಕೊಡುತ್ತಾರೆ. ಅದರಲ್ಲಿ ಕಂತು ಜಾಸ್ತಿ ಬೀಳುತ್ತೆ. ಬಡ್ಡಿ 7 ಪರ್ಸೆಂಟ್ ಅಂದರೆ, 30 ವರ್ಷದ ಸಾಲಕ್ಕೆ, ಡ್ರೀಮ್ ಫಾರ್ ಆಲ್‌ನಲ್ಲಿ ತಿಂಗಳಿಗೆ ಸುಮಾರು 2,555 ಡಾಲರ್, ಇದರಲ್ಲಿ ಸುಮಾರು 3,080. ಇನ್ಶೂರೆನ್ಸ್, ಮನೆ ತೆರಿಗೆ ಬೇರೆ. ಹಾಗಾದರೆ ಸ್ವಲ್ಪ ಚಿಕ್ಕ ಮನೆ ನೋಡುತ್ತೇವೆ, ಅಷ್ಟೇ.

ಅಪ್ಪಾ, ತೋಟ ನೋಡೋಕೆ ಬಂದಿದ್ದ ದಲ್ಲಾಳಿಗೆ ಈ ವಾರವೇ ಬೇಡ ಅಂತ ಹೇಳಿಬಿಡಿ. ಅರ್ಜಿಯಲ್ಲಿ ನಿಮ್ಮ ಹುಟ್ಟಿದ ತಾರೀಖು ಆಧಾರ್‌ನಲ್ಲಿ ಇರೋದನ್ನೇ ಬರೆದಿದ್ದೇನೆ. ಮುಂದೆ ದಾಖಲೆ ಕೇಳಿದರೆ ಬೇಕಾಗುತ್ತೆ, ತಮ್ಮನಿಗೆ ಹೇಳಿ ಇಬ್ಬರ ಕಾರ್ಡಿನ ಫೋಟೊ ವಾಟ್ಸಾಪ್ ಮಾಡಿಸಿ. ಅಮ್ಮ ಮಂಡಿ ನೋವಿಗೆ ಡಾಕ್ಟರ್ ಹತ್ತಿರ ಹೋದರಾ ಅಂತಲೂ ಬರೆಯಿರಿ.

ನಿಮ್ಮ ಮಗಳು